ಗಾಜಿನ ಹಿಂದಿನ ಹಸೆ

ಗಾಜು ಹಾಕಿಸುವ ಯೋಚನೆ ಗಣೇಶನದು. ಸುಳ್ಳು ಹೇಳಬಾರದು, ಪ್ರೀತಿಯಿಂದಲೇ ಹಾಕಿದ. ಸಾಗರದ ಪೇಟೆಯಲ್ಲಿ ಅವನದು ಗಾಜು, ಅಲ್ಯೂಮಿನಿಯಂ ಕೆಲಸದ ಅಂಗಡಿ. ಏನನ್ನು ಕಂಡರೂ ಅದಕ್ಕೊಂದು ಗಾಜು ಕೂರಿಸಿದರೆ ಹೇಗೆ ಎಂದು ಕಣ್ಣಲ್ಲೇ ಅಳತೆ ಹಿಡಿಯುವ ಚಟ ಅವನಿಗೆ. ಕೈಗೆ ಎಟುಕಿದ್ದರೆ ಚಂದ್ರನಿಗೂ ಒಂದು ಫ್ರೇಮು ಹಾಕಿಬಿಡುತ್ತಿದ್ದ ಎಂದು ಅವನ ತಾಯಿ ಕೆರಿಯಮ್ಮನೇ ನಗುತ್ತಿದ್ದಳು. ತಂಗಿ ಹೇಮಾವತಿ ಬರೆದ ಹಸೆಗೆ ಆರು ಅಡಿ ಅಗಲ, ಐದು ಅಡಿ ಎತ್ತರದ ಗಾಜು ತಂದು, ನಾಲ್ಕೂ ಅಂಚಿಗೆ ಸಿಲಿಕಾನ್ ಒತ್ತಿ, ಬೆರಳಲ್ಲಿ ಸವರಿ, "ಇನ್ನು ಗಾಳೀನೂ ಒಳಗೆ ಹೋಗಲ್ಲ ಅಮ್ಮಾ" ಎಂದ. ಆವತ್ತು ಕೆರಿಯಮ್ಮ ಎಷ್ಟೋ ದಿನಗಳ ಮೇಲೆ ಹೊಟ್ಟೆ ತುಂಬ ಉಂಡಳು.

ದೀವರ ಮನೆಗಳಲ್ಲಿ ಮದುವೆ ಬಂತೆಂದರೆ ಮೊದಲು ಸಿಂಗಾರ ಗೋಡೆಗೆ. ನಡುಮನೆಯ ಗೋಡೆಗೆ ಕೆಮ್ಮಣ್ಣು ಬಳಿದು, ನೆನೆಸಿ ರುಬ್ಬಿದ ಅಕ್ಕಿಯ ಬಿಳಿಯಲ್ಲಿ ಪುಂಡಿನಾರಿನ ಕುಂಚ ಅದ್ದಿ ಹೆಂಗಸರು ಚಿತ್ತಾರ ಬರೆಯುತ್ತಾರೆ. ಅದೇ ಹಸೆ. ಗಂಡು ಹೆಣ್ಣು ಅದರ ಮುಂದೆಯೇ ಕೂರಬೇಕು. ಇಕ್ಕೇರಿ ರಸ್ತೆಯ ಹೊಸ ಸೈಟಿನಲ್ಲಿ ಕಟ್ಟಿಸಿದ ಸಿಮೆಂಟಿನ ಮನೆಯಾದರೇನು, ಪದ್ಧತಿ ಬಿಡಲಿಕ್ಕುಂಟೆ? ಗಣೇಶನ ಮದುವೆಗೆ ಹೇಮಾವತಿ ಮೂರು ದಿನ ಕೂತು ಬರೆದಳು. ಇಪ್ಪತ್ತೆರಡರ ಹುಡುಗಿ. ಅವಳು ಎಳೆದ ಎಳೆ ನೂಲು ಹಿಡಿದ ಹಾಗೆ ನೆಟ್ಟಗೆ ಹೋಗುತ್ತಿತ್ತು. ಕೆರಿಯಮ್ಮನೇ ಕಲಿಸಿದ ಕೈ, ಕೆರಿಯಮ್ಮನನ್ನೇ ಮೀರಿಸಿದ್ದು.

ಕೆರಿಯಮ್ಮನ ತವರಿನಿಂದ ಬಂದ ಇನ್ನೊಂದು ಪದ್ಧತಿ ಇತ್ತು. ಹಸೆ ಬರೆದವಳು ತಾನಾಗಿ ಕೈ ತೊಳೆಯುವ ಹಾಗಿಲ್ಲ. ಮನೆಯ ಹಿರಿಯಳು ಬಂದು ನಿಂತು ನೋಡಿ, "ಸಾಕು, ಕೈ ತೊಳ್ಕ, ಊಟಕ್ಕೆ ಬಾ" ಎನ್ನಬೇಕು. ಆಗಲೇ ಕೆಲಸ ಮುಗಿದ ಲೆಕ್ಕ. ಆವತ್ತು ಹೇಮಾವತಿ ಮೊಣಕೈವರೆಗೂ ಬಿಳಿ ಮಾಡಿಕೊಂಡು ಅಡಿಗೆಮನೆ ಬಾಗಿಲಿಗೆ ಬಂದಳು. "ಅಮ್ಮಾ, ಕೈ ತೊಳ್ಕಳ್ಲಾ?" ಎಂದು ಕೇಳಿದಳು. ಕೆರಿಯಮ್ಮನ ಸುತ್ತ ನೆಂಟರು, ಹಾಲಿನವನು, ಬಾಳೆ ಎಲೆಯವನು. "ಇರು ಮಗಾ, ಆಮೇಲೆ ನೋಡ್ತೀನಿ" ಎಂದಳು. ಆಮೇಲೆ ನೋಡಲಿಲ್ಲ. ಹುಡುಗಿ ಸೀರೆ ಸೆರಗಿಗೆ ಕೈ ಒರೆಸಿಕೊಂಡು ಬಡಿಸಲು ಹೋದಳು. ಮುಂದೆ ನಾಲ್ಕು ತಿಂಗಳಿಗೆ, ಸೋದರತ್ತೆಯ ಊರಿಗೆ ಹೋಗಿ ಕಾಡಂಚಿನಲ್ಲಿ ಉದುರಿದ ದರಗೆಲೆ ಒಟ್ಟಿ ಬಂದವಳಿಗೆ ಜ್ವರ ಬಂತು. ಮಂಗನ ಕಾಯಿಲೆ ಎಂದರು. ಹದಿನಾಲ್ಕನೇ ದಿನಕ್ಕೆ ಹೇಮಾವತಿ ಇರಲಿಲ್ಲ.

ಹಾಗಾಗಿ ಗಾಜು ಬಂತು. ಹಾಗಾಗಿ ಕೆರಿಯಮ್ಮನ ಹಾಸಿಗೆ ಹಸೆ ಇದ್ದ ನಡುಮನೆಯ ಕೋಣೆಗೆ ಬಂತು. ಗಣೇಶನ ಮಗಳು ಚೈತನ್ಯಾ ಹುಟ್ಟಿ, ಹಾಲು ಬಿಟ್ಟ ಮೇಲೆ ಅಜ್ಜಿಯ ಮಗ್ಗುಲಲ್ಲಿ, ಗೋಡೆಯ ಕಡೆ, ಚಿತ್ತಾರದ ಬುಡದಲ್ಲಿ ಮಲಗುವುದೂ ರೂಢಿಯಾಯಿತು.

ಆ ಗೋಡೆಯ ಆಚೆ ಬದಿಗೆ ಬಚ್ಚಲು. ಯಾವಾಗಲೋ ಸೋಲಾರಿನ ಪೈಪು ಹಾಯಿಸುವಾಗ ಗೋಡೆಯೊಳಗೆ ಒಂದು ಜಾಯಿಂಟು ಸಡಿಲ ಉಳಿದಿತ್ತು. ಅದು ಹನಿ ಹನಿಯಾಗಿ ಸೋರುತ್ತಿದ್ದುದು ಯಾರಿಗೂ ತಿಳಿಯಲಿಲ್ಲ. ಗಾಜಿನ ಒಳಮೈ ಬೆವರತೊಡಗಿತು. ಗಣೇಶ ಬಂದು ನೋಡಿ, "ಬೆವರು ಹೊರಗೆ ಹೋಗ್ಲಿ" ಎಂದು ಕೆಳ ಅಂಚಿನಲ್ಲಿ ಡ್ರಿಲ್ ಹಿಡಿದು ಮೂರು ತೂತು ಕೊರೆದ. ಮೂರೂ ಸರಿಯಾಗಿ ಚೈತನ್ಯಾಳ ದಿಂಬಿನ ಎತ್ತರಕ್ಕೆ ಬಂದವು. ಬುದ್ಧಿವಂತರು ಮಾಡುವ ತಪ್ಪಿಗೂ ಅಳತೆ ಕರಾರುವಾಕ್ಕಾಗಿರುತ್ತದೆ ನೋಡಿ.

ಎಳೆಗಳು ದಪ್ಪವಾಗುತ್ತಿರುವುದನ್ನು ಮೊದಲು ಕಂಡವಳು ಕೆರಿಯಮ್ಮ. ಒಂದು ಮಧ್ಯಾಹ್ನ ಊಟವಾಗಿ ಅಡ್ಡಾಗಿದ್ದಳು. ಕಿಟಕಿಯಿಂದ ಬಿದ್ದ ಬೆಳಕು ಗಾಜಿನ ಮೇಲೆ ನೀರಿನ ಹಾಗೆ ಅಲುಗಾಡುತ್ತಿತ್ತು. ಎಚ್ಚರವೂ ಅಲ್ಲ, ನಿದ್ದೆಯೂ ಅಲ್ಲ. ಚಿತ್ತಾರದಲ್ಲಿ ಜೋಗಿಜಡೆ ಎಂಬ ಹೆಣಿಗೆಯ ಎಳೆಯ ಅಂಚಿಗೆ ಬೂದು ಬಣ್ಣದ ಸಣ್ಣ ನವಿರು ಮೂಡಿತ್ತು, ಬೆಕ್ಕಿನ ಮರಿಯ ಮೈ ಹಾಗೆ. ಒಂದು ವಾರದಲ್ಲಿ ಅದು ಹಸಿರಾಯಿತು, ಮತ್ತೆ ಕಪ್ಪಾಯಿತು. ಅಕ್ಕಿ ಹಿಟ್ಟು ಇದ್ದ ದಾರಿಯನ್ನೇ ಹಿಡಿದು, ಎಲ್ಲೂ ತಪ್ಪದೆ, ಮದುಮಕ್ಕಳ ಪಲ್ಲಕ್ಕಿ, ಆ ದಂಡಿಗೆ ಹೊತ್ತವರ ಕಾಲಿನವರೆಗೂ ಹೋಯಿತು. ಕೆರಿಯಮ್ಮನಿಗೆ ಹೆದರಿಕೆ ಆಗಲಿಲ್ಲ. ಮಗಳು ಬರೆಯುತ್ತಿದ್ದಾಳೆ ಅನ್ನಿಸಿತು. ಕಣ್ಣು ಮುಚ್ಚಿದರೆ ಸಾಕು, ಹೇಮಾವತಿ ಬೆನ್ನು ಹಾಕಿ ಕೂತಿರುತ್ತಿದ್ದಳು. ಕೈ ಬೆಳ್ಳಗೆ. ಕುಂಚ ಗೋಡೆಗೆ ತಾಗುವ ಸಣ್ಣ ಸದ್ದು ಕೂಡ ಕೇಳುತ್ತಿತ್ತು. ಎಷ್ಟು ಕರೆದರೂ ತಿರುಗುತ್ತಿರಲಿಲ್ಲ.

ಇದು ಬೂಷ್ಟು ಎಂದು ಕೆರಿಯಮ್ಮನಿಗೆ ಗೊತ್ತಿರಲಿಲ್ಲವೆ? ಅರವತ್ತಮೂರು ಮಳೆಗಾಲ ಕಂಡವಳು. ಉಪ್ಪಿನಕಾಯಿ ಭರಣಿಯಲ್ಲಿ, ಚರ್ಮದ ಚಪ್ಪಲಿಯಲ್ಲಿ ಕಂಡಿದ್ದರೆ ಬಿಸಿಲಿಗೆ ಎಸೆದು ಬೈದಿರುತ್ತಿದ್ದಳು. ಇಲ್ಲಿ ಮಾತ್ರ ಅದಕ್ಕೆ ಆ ಹೆಸರು ಇಡಲು ಅವಳಿಗೆ ಮನಸ್ಸಿರಲಿಲ್ಲ. ಹೇಮಾವತಿಯ ಒಂದು ಹಳೆ ಸೀರೆಯನ್ನು ಗಾಜಿನ ಮೇಲೆ ಪರದೆ ಮಾಡಿ ಇಳಿಬಿಟ್ಟಳು. ಸೊಸೆ ಭವ್ಯಾ ಕಸ ಗುಡಿಸಲು ಬಂದು, "ಅತ್ತೆ, ಎಂತದೋ ಮುಗ್ಗಲು ವಾಸನೆ" ಎಂದರೆ, "ಮಳೆಗಾಲ ಕಣೆ, ಎಲ್ಲರ ಮನೇಲೂ ಇದೇ ವಾಸನೆ" ಎನ್ನುತ್ತಿದ್ದಳು.

ಮಗುವಿನ ಕೆಮ್ಮು ಶುರುವಾದದ್ದೂ ಅದೇ ಮಳೆಗಾಲದಲ್ಲಿ. ಮೊದಲು ಒಣಕೆಮ್ಮು, ಬೆಳಗಿನ ಜಾವ ಸೀನು, ಕಣ್ಣು ಉಜ್ಜಿ ಉಜ್ಜಿ ಕೆಂಪು. ಆಮೇಲೆ ಎದೆಯಲ್ಲಿ ಸುಂಯ್ ಎಂಬ ಸದ್ದು. ದೊಡ್ಡಪತ್ರೆ ರಸ ಆಯಿತು, ಕಾಳುಮೆಣಸಿನ ಕಷಾಯ ಆಯಿತು. ಭವ್ಯಾಳ ಮೇಲೆ ತಪ್ಪು ಹೊರಿಸಿದ್ದೂ ಆಯಿತು. ಭವ್ಯಾ ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟವಳು. ಸಂಜೆ ಮಗುವನ್ನು ಶಾಲೆಯಿಂದ ಸ್ಕೂಟಿಯಲ್ಲಿ ಕರೆತರುವಾಗ ಒಮ್ಮೊಮ್ಮೆ ಐಸ್‌ಕ್ರೀಮ್ ಕೊಡಿಸುತ್ತಿದ್ದಳು. "ನೀ ಕೊಡಿಸೋ ಐಸ್‌ಕ್ರೀಮು, ನಿನ್ನ ಗಾಡಿ ಗಾಳಿ, ಇನ್ನೆಂತ ಆಗ್ಬೇಕು?" ಎಂದು ಕೆರಿಯಮ್ಮ ನೆಂಟರ ಎದುರೇ ಅಂದಳು. ಭವ್ಯಾ ಐಸ್‌ಕ್ರೀಮ್ ನಿಲ್ಲಿಸಿದಳು. ಮಗುವಿನ ತಲೆಗೆ ಉಣ್ಣೆ ಟೋಪಿ ಹಾಕಿದಳು. ಕೆಮ್ಮು ನಿಲ್ಲಲಿಲ್ಲ.

ಎರಡನೇ ಮಳೆಗಾಲದ ಹೊತ್ತಿಗೆ ಮಗುವಿಗೆ ಉಬ್ಬಸ ಎಷ್ಟು ಬಲಿತಿತ್ತೆಂದರೆ, ಒಂದು ಬೆಳಿಗ್ಗೆ ಪಕ್ಕೆಲುಬಿನ ನಡುವಿನ ಚರ್ಮ ಉಸಿರಿಗೊಮ್ಮೆ ಒಳಗೆ ಸೆಳೆಯುತ್ತಿತ್ತು. ಮಾತಾಡಲು ಹೋದರೆ ಎರಡು ಶಬ್ದಕ್ಕೆ ನಿಲ್ಲುತ್ತಿದ್ದಳು. ಗಣೇಶ, ಭವ್ಯಾ, ಕೆರಿಯಮ್ಮ ಮೂವರೂ ಆಟೋದಲ್ಲಿ ಡಾಕ್ಟರ್ ಮಹಾಲಕ್ಷ್ಮೀ ಅವರ ಕ್ಲಿನಿಕ್ಕಿಗೆ ಓಡಿದರು. ನೆಬ್ಯುಲೈಸರ್ ಹೊಗೆ ಎಳೆದು ಮಗು ಸ್ವಲ್ಪ ಸುಧಾರಿಸಿದ ಮೇಲೆ ಡಾಕ್ಟರು ಕುರ್ಚಿ ಎಳೆದು ಕೂತರು.

"ಈ ಬೇಸಿಗೇಲಿ ಮಗು ಎಲ್ಲಿತ್ತು?"

"ತೀರ್ಥಹಳ್ಳೀಲಿ, ನಮ್ಮಮ್ಮನ ಮನೇಲಿ. ಹದಿನೈದು ದಿನ ಒಂದ್ಸಲನೂ ಕೆಮ್ಮಲಿಲ್ಲ ಮೇಡಂ. ಬಂದು ಮೂರು ದಿನಕ್ಕೆ ಮತ್ತೆ ಶುರು" ಎಂದಳು ಭವ್ಯಾ.

"ಹಂಗಾದ್ರೆ ಮಗೂನ ನೋಡಿದ್ರೆ ಸಾಲ್ದು, ಮನೆ ನೋಡ್ಬೇಕು. ಎಲ್ಲಾದ್ರೂ ಗೋಡೆ ತೇವ ಇದ್ಯಾ? ಕಪ್ಪು, ಹಸಿರು ಬೂಷ್ಟು? ಮುಗ್ಗಲು ವಾಸನೆ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಎಲ್ಲರಿಗಿಂತ ಮೊದಲು ಕೆರಿಯಮ್ಮನೇ ಬಾಯಿ ಬಿಟ್ಟಳು. "ಇಲ್ರೀ ಡಾಕ್ಟ್ರೇ. ನಮ್ದು ಸಿಮೆಂಟು ಮನೆ."

"ಸಿಮೆಂಟು ಮನೆಗೇ ಜಾಸ್ತಿ ಅಮ್ಮಾ. ಒಳಗಿನ ಪಸೆ ಹೊರಗೆ ಹೋಗಲ್ಲ. ಬೂಷ್ಟು ಬರೀ ಕಲೆ ಅಲ್ಲ, ಅದಕ್ಕೂ ಜೀವ ಇದೆ. ಕಣ್ಣಿಗೆ ಕಾಣದಷ್ಟು ಸಣ್ಣ ಪುಡಿ ಗಾಳೀಲಿ ಬಿಡ್ತಿರುತ್ತೆ. ನಮ್ಮಂಥೋರಿಗೆ ಒಂದು ಸೀನು ಬಂದು ಹೋಗ್ಬಹುದು. ಉಬ್ಬಸದ ಮಗೂಗೆ ಎದೇನೇ ಕಟ್ಟುತ್ತೆ. ಇನ್‌ಹೇಲರ್ ಕೊಡ್ತೀನಿ, ತಪ್ಪಿಸ್ಬೇಡಿ. ಆದ್ರೆ ಕಾರಣ ಮನೇಲೇ ಇದ್ರೆ ಔಷಧಿ ಒಂದ್ಕಡೆ ಕೊಡೋದು, ಕಾಯಿಲೆ ಒಂದ್ಕಡೆ ಸಾಕೋದು, ಅಷ್ಟೇ ಆಗುತ್ತೆ."

ಗಣೇಶ ತಾಯಿಯ ಮುಖ ನೋಡಿದ. ಸೀರೆಯ ಪರದೆ ಬಂದ ಮೇಲೆ ಅವನು ಆ ಗೋಡೆಯನ್ನು ನೋಡಿಯೇ ಇರಲಿಲ್ಲ. ತಂಗಿಯ ಸೀರೆ ಸರಿಸುವ ಧೈರ್ಯ ಅವನಿಗಿರಲಿಲ್ಲ. ಕೆರಿಯಮ್ಮ ಗೋಡೆಯ ಮೇಲಿದ್ದ ಲಸಿಕೆಯ ಚಾರ್ಟನ್ನೇ ಓದುತ್ತಿದ್ದಳು, ಅವಳಿಗೆ ಓದಲು ಬಾರದಿದ್ದರೂ.

ಅದಾಗಿ ಒಂಬತ್ತನೇ ದಿನ. ಭೂಮಿ ಹುಣ್ಣಿಮೆಗೆ ಇನ್ನೂ ಎರಡು ವಾರವಿತ್ತು. ಶಾಲೆಗೆ ರಜೆ. ಮಗು ಊಟ ಮಾಡಿ ಗೋಡೆಯ ಕಡೆ ಮುಖ ಮಾಡಿ ಮಲಗಿತ್ತು. ಕೆರಿಯಮ್ಮನ ಕಣ್ಣೂ ಎಳೆಯುತ್ತಿತ್ತು. ಹೇಮಾವತಿ ಬಂದು ಕೂತಳು, ಎಂದಿನಂತೆ ಬೆನ್ನು ಹಾಕಿ. ಕುಂಚದ ಸದ್ದು ಹತ್ತಿರ ಬಂತು, ಇನ್ನೂ ಹತ್ತಿರ, ಕಿವಿಯ ಪಕ್ಕಕ್ಕೇ ಬಂತು. ಸುಂಯ್. ಸುಂಯ್. ಕೆರಿಯಮ್ಮ ಕಣ್ಣು ಬಿಟ್ಟರೆ ಸದ್ದು ನಿಲ್ಲಲಿಲ್ಲ. ಅದು ಮಗುವಿನ ಎದೆಯಿಂದ ಬರುತ್ತಿತ್ತು.

ಚೈತನ್ಯಾ ಎದ್ದು ಕೂತಳು. ತುಟಿ ಒಣಗಿತ್ತು. ಕೆರಿಯಮ್ಮ ಇನ್‌ಹೇಲರನ್ನು ಪ್ಲಾಸ್ಟಿಕ್ ಡಬ್ಬಿಗೆ ಸಿಕ್ಕಿಸಿ ಮಗುವಿನ ಮೂಗುಬಾಯಿಗೆ ಹಿಡಿದಳು, ಭವ್ಯಾ ಕಲಿಸಿದ ಹಾಗೆ. ಉಸಿರು ಸಡಿಲವಾದ ಮೇಲೆ ಮಗು ಹೇಳಿತು: "ಅಜ್ಜೀ, ಹೇಮತ್ತೆ ಬಂದಿದ್ಲು."

ಕೆರಿಯಮ್ಮ ಇನ್‌ಹೇಲರನ್ನು ಕೆಳಗಿಟ್ಟಳು. ಅತ್ತೆಯನ್ನು ಮಗು ಕಂಡದ್ದು ಫೋಟೋದಲ್ಲಿ ಮಾತ್ರ. "ಬಂದು ಎಂತ ಮಾಡಿದ್ಲು ಮಗಾ?"

"ನನ್ನ ಎದೆ ಮೇಲೆ ಕೂತ್ಕಂಡು ಚಿತ್ತಾರ ಬರೀತಿದ್ಲು. ಎದೆ ಒಳಗೆ. ಎಳೆ ಎಳೆದಾಗೆಲ್ಲ ಸುಂಯ್ ಅಂತಿತ್ತು. ಭಾರ ಆಗುತ್ತೆ, ಏಳು ಅಂದೆ. ಅಮ್ಮ ಇನ್ನೂ ಸಾಕು ಅಂದಿಲ್ಲ ಅಂದ್ಲು."

ಆರು ವರ್ಷದ ಮಗು. ಅಜ್ಜಿ ಹೇಳಿದ ಕಥೆಗಳು ಎಷ್ಟೋ ಕಿವಿಗೆ ಬಿದ್ದಿರುತ್ತವೆ, ಕನಸಿಗೆ ಯಾವುದು ಯಾವುದರ ಜತೆ ಸೇರಿತೋ ಯಾರು ಬಲ್ಲರು. ಆದರೆ ಕೆರಿಯಮ್ಮ ಅದನ್ನು ಕನಸೆಂದು ತಳ್ಳಿಹಾಕಲಿಲ್ಲ. ಅವಳಿಗೆ ನೋಡಲು ಕೂಡ ಸಿಗದ ಮುಖ ಮಗುವಿಗೆ ಕಂಡಿತ್ತು, ಅದೂ ಎದೆಯ ಮೇಲೆ ಕೂತು. ನನ್ನ ಮಗಳು ಅಂಥವಳಲ್ಲ, ಇರುವೆ ಕೂಡ ತುಳಿಯದವಳು ಎಂದುಕೊಂಡಳು. ಅಲ್ಲಿ ಕೂರಿಸಿದ್ದು ನಾನೇ ಎಂದೂ ಅನ್ನಿಸಿತು. ಬಾಯಿಗೆ ಸೆರಗು ಒತ್ತಿ ಅತ್ತಳು.

ಮಗುವನ್ನು ಜಗಲಿಗೆ ಎತ್ತಿಕೊಂಡು ಬಂದು ಗಾಳಿಗೆ ಕೂರಿಸಿದಳು. ಮನಸ್ಸನ್ನು ಬೇರೆ ಕೆಲಸಕ್ಕೆ ಹಚ್ಚೋಣ ಎಂದು ಭೂಮಣ್ಣಿ ಬುಟ್ಟಿ ಕೆಳಗಿಳಿಸಿದಳು. ಹುಣ್ಣಿಮೆಯ ದಿನ ಭೂಮಿತಾಯಿಗೆ ಬಯಕೆಯ ಊಟ ಹೊತ್ತೊಯ್ಯುವ ಬುಟ್ಟಿ ಅದು. ಜಗಲಿಯ ತೊಲೆಗೆ ವರ್ಷವಿಡೀ ಗಾಳಿಯಾಡುವ ಹಾಗೆ ತೂಗುಹಾಕಿರುತ್ತಿತ್ತು. ಪ್ರತಿ ವರ್ಷ ಹಳೆಯ ಚಿತ್ತಾರದ ಮೇಲೆ ಕೆಮ್ಮಣ್ಣು ಬಳಿದು ಹೊಸದು ಬರೆಯಬೇಕು. ಅಂಚಿನಲ್ಲಿ ಒಂದು ಚಕ್ಕೆ ಎದ್ದಿತ್ತು. ಕೆರಿಯಮ್ಮ ಅದನ್ನು ಉಗುರಲ್ಲಿ ಎತ್ತಿ ಬಿಸಿಲಿಗೆ ಹಿಡಿದಳು. ಕೆಂಪು, ಬಿಳಿ, ಕೆಂಪು, ಬಿಳಿ. ಚಪಾತಿಯ ಪದರದ ಹಾಗೆ. ಮೇಲಿನ ಆರು ಪದರ ತಾನು ಬರೆದದ್ದು. ಅದರ ಕೆಳಗಿನದು ಹೇಮಾವತಿ ಬರೆದ ಕೊನೆಯ ಬುಟ್ಟಿ.

ಮಗಳು ಸತ್ತ ವರ್ಷವೇ, ಅವಳ ಕೈಯ ಚಿತ್ತಾರದ ಮೇಲೆ ಕೆರಿಯಮ್ಮ ತನ್ನ ಕೈಯಾರೆ ಕೆಮ್ಮಣ್ಣು ಬಳಿದಿದ್ದಳು. ಕಣ್ಣೀರು ಹಾಕಿರಲೂಬಹುದು, ನೆನಪಿಲ್ಲ, ಬಳಿಯುವುದನ್ನಂತೂ ನಿಲ್ಲಿಸಿರಲಿಲ್ಲ. ಭೂಮಿತಾಯಿಗೆ ಹಳೆ ಬುಟ್ಟಿಯಲ್ಲಿ ಊಟ ಒಯ್ಯುವುದುಂಟೆ ಎಂದು ಬಳಿದಿದ್ದಳು. ಬುಟ್ಟಿಗೆ ಇದ್ದ ಬುದ್ಧಿ ಗೋಡೆಗೆ ಯಾಕೆ ಬರಲಿಲ್ಲ? ಗೋಡೆಗೆ ಗಾಜು ಬಂದಿತ್ತು, ಅದಕ್ಕೆ.

ಸಂಜೆ ಗಣೇಶನೂ ಭವ್ಯಾಳೂ ಬರುವ ಹೊತ್ತಿಗೆ ಸೀರೆಯ ಪರದೆ ಮಡಿಸಿ ಪಕ್ಕಕ್ಕಿಟ್ಟಾಗಿತ್ತು. ಗಾಜಿನ ಹಿಂದೆ ಹಸೆ ಕಪ್ಪಗೆ, ಹಸಿರಾಗಿ, ಅಲ್ಲಲ್ಲಿ ಬೂದಿ ಚೆಲ್ಲಿದ ಹಾಗೆ ತುಪ್ಪಳ ಹೊತ್ತು ನಿಂತಿತ್ತು. ಭವ್ಯಾ ಬಾಗಿಲಲ್ಲೇ ನಿಂತಳು.

"ಡಾಕ್ಟ್ರ ಹತ್ರ ಸುಳ್ಳು ಹೇಳ್ದೆ" ಎಂದಳು ಕೆರಿಯಮ್ಮ. "ನಂಗೆ ಗೊತ್ತಿತ್ತು. ಎರಡು ಮಳೆಗಾಲದಿಂದ ಗೊತ್ತಿತ್ತು."

ಭವ್ಯಾ ಹೆಗಲ ಚೀಲ ಕೆಳಗಿಟ್ಟಳು. ಆಮೇಲೆ, "ಎರಡು ಮಳೆಗಾಲ ತಪ್ಪೆಲ್ಲ ನನ್ನ ಐಸ್‌ಕ್ರೀಮಿನ ಮೇಲೆ ಹಾಕಿದ್ರಲ್ಲ ಅತ್ತೆ" ಎಂದಳು. ಅಷ್ಟೇ. ಕೂಗಾಡಿದ್ದರೆ ಕೆರಿಯಮ್ಮನಿಗೆ ಸುಲಭವಾಗುತ್ತಿತ್ತು.

"ಗಣೇಶಾ, ಗಾಜು ಬಿಚ್ಚು."

"ಹೇಮಾದು ಅಂತ ಇರೋದು ಇದೊಂದೇ ಅಮ್ಮಾ." ಅವನು ಗಾಜಿಗೆ ಅಡ್ಡ ನಿಂತ.

"ಹೇಮಾದು ಅಂತಾನೇ ಬಿಚ್ಚು ಅಂದಿದ್ದು."

ಆವತ್ತೇ ಬಿಚ್ಚಲು ಭವ್ಯಾ ಬಿಡಲಿಲ್ಲ. ಡಾಕ್ಟರಿಗೆ ಫೋನು ಮಾಡಿ, ಒಂದೊಂದನ್ನೂ ಕೇಳಿ, ಬಟ್ಟೆಯ ಅಳತೆ ಬರೆಯುವ ಪುಸ್ತಕದಲ್ಲಿ ಬರೆದುಕೊಂಡಳು. ಮಗು ಮೊದಲು ಮನೆ ಬಿಡಬೇಕು. ಬೆಳಿಗ್ಗೆ ಬಸ್ಸಿಗೆ ಗಣೇಶನೇ ತೀರ್ಥಹಳ್ಳಿಗೆ ಬಿಟ್ಟು ಬಂದ. ಸೋರುವ ಪೈಪು ರಿಪೇರಿಯಾಗದೆ ಗೋಡೆ ಮುಟ್ಟಿದರೆ ತಿಂಗಳಲ್ಲಿ ಮತ್ತೆ ಬರುತ್ತದೆ. ಪ್ಲಂಬರ್ ತೀರ್ಥೇಶ್ ಬಚ್ಚಲಿನ ಟೈಲು ಒಡೆದು ಜಾಯಿಂಟು ಬದಲಿಸಿದ. ಮಗು ಮಲಗುತ್ತಿದ್ದ ಹತ್ತಿಯ ಹಾಸಿಗೆ, ದಿಂಬು ಒಗೆದರೂ ಉಪಯೋಗವಿಲ್ಲ ಎಂದು ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಕಟ್ಟಿ ಹೊರಗೆ ಹೋದವು. ಕೋಣೆಯ ಬಾಗಿಲು ಮುಚ್ಚಿ, ಕಿಟಕಿಗಳನ್ನೆಲ್ಲ ತೆರೆದರು. ಕೊರೋನಾ ಕಾಲದ ದಪ್ಪ ಮಾಸ್ಕುಗಳು ಬೀರುವಿನಿಂದ ಹೊರಬಂದವು. ಒಣಗಿದ್ದನ್ನು ಕೆರೆದರೆ ಪುಡಿ ಮನೆಯೆಲ್ಲ ಹಾರುತ್ತದೆ, ಮೊದಲು ಸೋಪಿನ ನೀರು ಚಿಮುಕಿಸಿ ನೆನೆಸಬೇಕು, ಆಮೇಲೆ ಉಜ್ಜಬೇಕು. ಬ್ಲೀಚು, ಆಸಿಡ್ಡು ಎಂದು ಸಿಕ್ಕಿದ್ದನ್ನೆಲ್ಲ ಕಲಸಿದರೆ ವಿಷದ ಗಾಳಿ ಏಳುತ್ತದೆ, ಅದಂತೂ ಕೂಡದು.

ಗಾಜು ಬಿಚ್ಚಿದಾಗ ಹೊರಬಂದ ವಾಸನೆಗೆ ಮಾಸ್ಕಿನೊಳಗೂ ಗಣೇಶ ಮುಖ ತಿರುಗಿಸಿದ. ಭವ್ಯಾ, "ನೀವು ಹೊರಗಿರಿ ಅತ್ತೆ, ವಯಸ್ಸಾದೋರಿಗೂ ಒಳ್ಳೇದಲ್ಲ" ಎಂದಳು. ದನಿಯಲ್ಲಿ ಇನ್ನೂ ಕೋಪವಿತ್ತು. ಕೆರಿಯಮ್ಮ ಬಿಡಲಿಲ್ಲ. "ಒಂದು ಸಲ, ಒಂದೇ ಸಲ. ಮೊದಲ ಕೈ ನಂದು" ಎಂದು ಮಾಸ್ಕು ಕಟ್ಟಿ, ಕೈಗವಸು ಹಾಕಿ, ಒದ್ದೆ ಬಟ್ಟೆಯನ್ನು ಜೋಗಿಜಡೆಯ ಮೇಲಿಟ್ಟು ಒರೆಸಿದಳು.

ಕೆಳಗೆ ಬಿಳಿ ಎಳೆ ಸಿಗುತ್ತದೆ ಎಂದುಕೊಂಡಿದ್ದಳು. ಸಿಗಲಿಲ್ಲ. ಮತ್ತೊಂದು ಕಡೆ ಒರೆಸಿದಳು, ದಂಡಿಗೆಯ ಮೇಲೆ, ಮದುಮಗಳ ಗೊಂಬೆಯ ಮೇಲೆ. ಎಲ್ಲೂ ಇಲ್ಲ. ಹೇಮಾವತಿ ಹಚ್ಚಿದ ಅಕ್ಕಿಯನ್ನು ಬೂಷ್ಟು ಒಂದು ಅಗುಳೂ ಬಿಡದೆ ತಿಂದು ಮುಗಿಸಿತ್ತು. ಎಷ್ಟು ದಿನದಿಂದ ಅಲ್ಲಿ ಮಗಳ ಕೈಯೇ ಇರಲಿಲ್ಲವೋ. ಇಷ್ಟು ಕಾಲ ಅವಳು ಕಾದುಕೊಂಡು, ಪರದೆ ಹಾಕಿ, ಸುಳ್ಳು ಹೇಳಿ ಉಳಿಸಿಕೊಂಡದ್ದು ಬರೀ ಬೂಷ್ಟನ್ನು. ಕೆರಿಯಮ್ಮ ಬಟ್ಟೆಯನ್ನು ಸೊಸೆಯ ಕೈಗೆ ಕೊಟ್ಟು ಹೊರಗೆ ಬಂದು ಜಗಲಿಯಲ್ಲಿ ಕೂತಳು.

ಭವ್ಯಾ ಆ ಗೋಡೆಯನ್ನು ಉಜ್ಜಿದ ರಭಸ ನೋಡಿದರೆ ಅತ್ತೆ ಮೇಲಿನ ಕೋಪಕ್ಕೆಲ್ಲ ಒಂದು ಕೊತ್ತಿ ಸಿಕ್ಕಿದ ಹಾಗಿತ್ತು. ಉಜ್ಜಿ ಮುಗಿಸಿ, ಹೊರಗೆ ಬಂದು, ಕೈ ಕಾಲು ತೊಳೆದು, ಎರಡು ಲೋಟ ಚಾ ಮಾಡಿದಳು. ಒಂದನ್ನು ಅತ್ತೆಯ ಮುಂದೆ ಇಟ್ಟಳು.  ಇನ್ನೊಂದನ್ನು ಪಕ್ಕದಲ್ಲೇ ಕೂತು ಕುಡಿದಳು.

ಒಂದು ವಾರ ಟೇಬಲ್ ಫ್ಯಾನು ಕಿಟಕಿಯ ಕಡೆ ಮುಖ ಮಾಡಿ ತಿರುಗಿತು. ಗೋಡೆ ಅಂಗೈಗೆ ಒಣಗಿದೆ ಅನ್ನಿಸಿದ ಮೇಲೆ ಸುಣ್ಣ ಬಳಿದರು. ಬಿಳಿಯ ಖಾಲಿ ಗೋಡೆ. ಆ ಏಳು ದಿನವೂ ಕೆರಿಯಮ್ಮ ಜಗಲಿಯಲ್ಲೇ ಮಲಗಿದಳು. ಒಂದು ಮಧ್ಯಾಹ್ನವೂ ಹೇಮಾವತಿ ಬರಲಿಲ್ಲ. ಕೆರಿಯಮ್ಮನಿಗೆ ಅದು ಎರಡನೇ ಸಾವಿನ ಹಾಗೆಯೇ ಇತ್ತು, ಯಾರಿಗೂ ಹೇಳಲಿಲ್ಲ.

ಹುಣ್ಣಿಮೆಗೆ ಎರಡು ದಿನ ಮೊದಲು ಮಗು ಬಂತು. ಬಂದ ದಿನ ಕೆಮ್ಮಲಿಲ್ಲ. ಮಾರನೇ ದಿನವೂ ಇಲ್ಲ. ಕೆರಿಯಮ್ಮ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿ ರುಬ್ಬಿ, ಚೈತನ್ಯಾಳ ಕೈಗೆ ಪುಂಡಿನಾರಿನ ಕುಂಚ ಕೊಟ್ಟು ಮೊದಲ ಎಳೆಗೆ ಬೆರಳು ಹಿಡಿದಳು. ಎಳೆ ಹಾವಿನ ಹಾಗೆ ಸೊಟ್ಟ ಹೋಯಿತು. "ಹೋಗ್ಲಿ, ಹಾಗೇ ಬರಿ" ಎಂದು ಬಿಟ್ಟು, ತಾನು ಕಂಬಕ್ಕೆ ಒರಗಿದಳು. ಅಂಗಳದ ಬಿಸಿಲು, ಹೊಸ ಸುಣ್ಣದ ವಾಸನೆ. ಕಣ್ಣು ಯಾವಾಗ ಮುಚ್ಚಿತೋ ತಿಳಿಯಲಿಲ್ಲ. ಕುಂಚದ ಸದ್ದು ಕೇಳುತ್ತಿತ್ತು. ಸಣ್ಣಗೆ, ಹಗುರವಾಗಿ. ಬೆನ್ನು ಹಾಕಿ ಕೂತವಳು ಮೆಲ್ಲಗೆ ಎದ್ದಳು. ತಿರುಗಿದಳು. ಹತ್ತಿರ ಬಂದಳು. ಮೊಣಕೈವರೆಗೂ ಬಿಳಿ.

"ಕೈ ತೊಳ್ಕಳ್ಲಾ?"

ಕೆರಿಯಮ್ಮ ಕಣ್ಣು ಬಿಟ್ಟಳು. ಎದುರಿಗೆ ಚೈತನ್ಯಾ, ಅಕ್ಕಿ ಹಿಟ್ಟು ಮೆತ್ತಿದ ಎರಡು ಪುಟ್ಟ ಕೈ ಮುಂದೆ ಚಾಚಿಕೊಂಡು. ಹಿಂದೆ ಬುಟ್ಟಿಯ ಮೇಲೆ ಸೊಟ್ಟ ಚಿತ್ತಾರ ಮುಗಿದಿತ್ತು. ಕೆರಿಯಮ್ಮ ಮಗುವನ್ನು ಹತ್ತಿರ ಎಳೆದುಕೊಂಡು ಎದೆಗೆ ಕಿವಿ ಇಟ್ಟಳು. ತುಂಬ ಹೊತ್ತು ಇಟ್ಟಳು. ಒಳಗೆ ಯಾರೂ ಏನೂ ಬರೆಯುತ್ತಿರಲಿಲ್ಲ.

"ಸಾಕು ಮಗಾ" ಎಂದಳು. "ಚಂದ ಬರೆದಿದೀಯ. ಕೈ ತೊಳ್ಕ. ಊಟಕ್ಕೆ ಬಾ."